ನಮ್ಮ ಕೆರೆಗಳೂ ಮಾರ್ಪಡುತ್ತಿರುವ ಹವಾಗುಣವೂ

ಕೋಲಾರದ ಚಿನ್ನದ ಗಣಿ ಎಂದೊಡನೆ ಹೊರಗಿನವರ ಕಣ್ಣಿಗೆ ಚಿನ್ನವೇ ಕಾಣುವುದು ಸಹಜ. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುಚ್ಛಕ್ತಿ ನಮ್ಮ ಊರಿಗೆ ಬಂದುದನ್ನೂ, ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಮಿಕ್ಕ ಆಳಕ್ಕೆ ಇಳಿದುದನ್ನೂ, ೧೯೬೫ರಲ್ಲಿ ಅದೇ ಗಣಿಯ ಗರ್ಭದಲ್ಲಿ ನ್ಯೂಟ್ರಿನೊ ಎಂಬ ಸೂಕ್ಷ್ಮಕಣದ ಸುಳಿವು ವಿಜ್ಞಾನಿಗಳಿಗೆ ದೊರೆತುದನ್ನೂ ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಇಷ್ಟೆಲ್ಲ ಸಾಹಸ ಮಾಡಿದ ಜನ ಕುಡಿದ ನೀರು ಯಾವುದೆಂದು ಕೇಳಿದರೆ ನಮ್ಮಲ್ಲಿ ಹಲವರು ಕ್ಷಣಕಾಲ ಯೋಚಿಸಬೇಕಾಗುತ್ತದೆ. ಅದು ಪಾಲಾರ್ ನದಿಗೆ ಅಡ್ಡಲಾಗಿ ಕಟ್ಟಿದ ಬೇತಮಂಗಲದ ಕೆರೆಯ ನೀರು. ೨೦೦೧ರಲ್ಲಿ ಗಣಿಗಳು ಮುಚ್ಚಿದುವು; ಚಿನ್ನವಿಲ್ಲದೆಯೂ ಊರು ಉಳಿಯಿತು. ನೀರಿಲ್ಲದೆ ಉಳಿಯುವುದೆಂತು?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಬೇರೂರಿದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಒಂದು ಜಗಳದಿಂದ. ಬೇತಮಂಗಲದ ಕಡೆಯ ಒಂದು ಹಳ್ಳಿಯಲ್ಲಿ ನನ್ನ ಚಿಕ್ಕಪ್ಪ ಊರ ಸಣ್ಣ ಕೆರೆಯ ಮೀನಿನ ಹರಾಜು ಹಿಡಿದು, ಸಾಲ ಮಾಡಿ ಕಟ್ಲಾ, ರೋಹು ಮರಿಗಳನ್ನು ಬಿಟ್ಟಿದ್ದರು. ಹಿಂದಿನ ಬೇಸಗೆಯಲ್ಲಿ ಎರಡು ದಿನ ಮೋಡ ಮುಚ್ಚಿ, ಮೂರನೆಯ ರಾತ್ರಿ ಗುಡುಗಿನೊಡನೆ ಒಂದು ಬಿರುಮಳೆ ಸುರಿಯಿತು. ಬೆಳಗಾಗುವ ಹೊತ್ತಿಗೆ ಮೀನುಗಳೆಲ್ಲ ಹೊಟ್ಟೆ ಮೇಲಾಗಿ ತೇಲುತ್ತಿದ್ದುವು. ಕೆರೆಯ ಮೇಲ್ಗಡೆ ತೋಟವಿರುವ ನಮ್ಮ ದಾಯಾದಿಯೊಬ್ಬರು ಹಿಂದಿನ ದಿನ ಟೊಮೇಟೊಗೆ ಔಷಧ ಹೊಡೆಸಿದ್ದರು. ಅವರೇ ವಿಷ ಹಾಕಿಸಿದರೆಂದು ಚಿಕ್ಕಪ್ಪ ಕೂಗಾಡಿದರು, ಅವರೂ ಬಿಡಲಿಲ್ಲ. ಅಂದಿನಿಂದ ಎರಡು ಮನೆಗಳಿಗೂ ಮಾತಿಲ್ಲ. ನನ್ನನ್ನು ಕಂಡಾಗ ಚಿಕ್ಕಪ್ಪ, “ನೀನು ಕಾಲೇಜಿನಲ್ಲಿ ಓದುವವನಲ್ಲವೇನಪ್ಪಾ, ಹೇಳು ನೋಡೋಣ, ವಿಷವಿಲ್ಲದೆ ಒಂದೇ ರಾತ್ರಿಗೆ ಇಷ್ಟೂ ಮೀನು ಸಾಯುತ್ತವೆಯೆ?” ಎಂದರು. ನನಗೆ ಉತ್ತರ ತಿಳಿದಿರಲಿಲ್ಲ. ನಮ್ಮ ಭೂಗೋಳಶಾಸ್ತ್ರದ ಅಧ್ಯಾಪಕರನ್ನು ಕೇಳಿದೆ. ಅವರು, “ನಿಮ್ಮ ಚಿಕ್ಕಪ್ಪನವರ ಪ್ರಶ್ನೆ ಒಳ್ಳೆಯದು. ಆದರೆ ಮೊದಲು ಕೆರೆ ಹೇಗೆ ಉಸಿರಾಡುತ್ತದೆಂಬುದನ್ನು ತಿಳಿದುಕೊ” ಎಂದರು. ಆಗ ಓದಿ ತಿಳಿದುದನ್ನೂ ಕೆರೆಯ ಬಳಿ ಕಂಡುದನ್ನೂ ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಕೆರೆಗಳ ನಾಡು

ವರ್ಷವಿಡೀ ಹರಿಯುವ ನದಿ ನಮ್ಮ ಜಿಲ್ಲೆಯಲ್ಲಿ ಒಂದೂ ಇಲ್ಲ. ವರ್ಷಕ್ಕೆ ಬೀಳುವ ಮಳೆ ಸುಮಾರು ೭೦೦ರಿಂದ ೭೫೦ ಮಿಲಿಮೀಟರ್. ಅದರಲ್ಲಿ ದೊಡ್ಡ ಪಾಲು ಆಗಸ್ಟಿನಿಂದ ನವೆಂಬರ್ ವರೆಗಿನ ಕೆಲವೇ ವಾರಗಳಲ್ಲಿ ಬಂದುಹೋಗುತ್ತದೆ. ಬಂದ ನೀರನ್ನು ಹಿಡಿದಿಟ್ಟುಕೊಂಡರೆ ಬದುಕು, ಬಿಟ್ಟರೆ ಬರ. ಇದನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವುದಕ್ಕೆ ಮುಂಚಿನ ಕೋಲಾರ ಜಿಲ್ಲೆಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೆರೆಗಳಿದ್ದುವು. ಮೇಲಿನ ಕೆರೆ ತುಂಬಿ ಕೋಡಿ ಹರಿದರೆ ಆ ನೀರು ಕಾಲುವೆಯಲ್ಲಿ ಕೆಳಗಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಏರಿ, ತೂಬು, ಕೋಡಿ, ಅಚ್ಚುಕಟ್ಟು ಇವೆಲ್ಲವೂ ಒಂದೇ ಶರೀರದ ಅಂಗಗಳಿದ್ದಂತೆ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂಬುದನ್ನು ನೋಡಿಕೊಳ್ಳಲು ನೀರಗಂಟಿ ಇದ್ದನು.

ಈ ಕೆರೆಗಳು ಎಂದೂ ಸುಖವಾಗಿಯೇ ಇದ್ದುವೆಂದು ಭಾವಿಸಬಾರದು. ಬೇತಮಂಗಲದ ಕೆರೆಯನ್ನು ಹತ್ತನೆಯ ಶತಮಾನದಲ್ಲೊಮ್ಮೆ, ಹನ್ನೆರಡನೆಯ ಶತಮಾನದಲ್ಲೊಮ್ಮೆ ಜೀರ್ಣೋದ್ಧಾರ ಮಾಡಿಸಿದ ಸಂಗತಿ ಶಾಸನಗಳಿಂದ ತಿಳಿದುಬರುತ್ತದೆ. ೧೯೦೩ರ ಭಾರಿ ಮಳೆಯಲ್ಲಿ ಅದು ಮತ್ತೆ ಒಡೆಯಿತು. ಅದೇ ನವೆಂಬರಿನಲ್ಲಿ ಪಾಲಾರ್ ಉಕ್ಕಿ ಕೆಳಗಿನ ವಾಣಿಯಂಬಾಡಿ ಪಟ್ಟಣದಲ್ಲಿ ನೂರಾರು ಪ್ರಾಣಗಳು ಹೋದುವು. ಅದಕ್ಕೂ ಹಿಂದೆ ೧೮೭೬-೭೮ರ ಧಾತು-ಈಶ್ವರ ಸಂವತ್ಸರಗಳ ಮಹಾಕ್ಷಾಮ ಇತ್ತು. ಅಂದ ಮೇಲೆ ಬರವೂ ನೆರೆಯೂ ನಮಗೆ ಹೊಸತಲ್ಲ. ಹಾಗಾದರೆ ಈಗ ಹೊಸತೇನು?

ಹವೆಯೂ ಹವಾಗುಣವೂ

ಇಂದು ಮಳೆ, ನಾಳೆ ಬಿಸಿಲು ಎಂಬುದು ಹವೆ. ಒಂದು ಪ್ರದೇಶದ ಹವೆಯನ್ನು ಮೂವತ್ತು ವರ್ಷಗಳಷ್ಟು ಕಾಲ ಅಳೆದು ತೆಗೆದ ಸರಾಸರಿ ಹವಾಗುಣ. ಒಂದು ಬೇಸಗೆಯ ಸೆಕೆಯನ್ನು ಕಂಡು ಹವಾಗುಣ ಬದಲಾಯಿತೆನ್ನುವುದೂ, ಒಂದು ಒಳ್ಳೆಯ ಮಳೆಗಾಲವನ್ನು ಕಂಡು ಎಲ್ಲವೂ ಸರಿಹೋಯಿತೆನ್ನುವುದೂ ಸಮಾನವಾದ ತಪ್ಪುಗಳು.

ಬದಲಾಗುತ್ತಿರುವುದು ಈ ದೀರ್ಘಕಾಲದ ಸರಾಸರಿಯೇ. ಕಲ್ಲಿದ್ದಲು, ಪೆಟ್ರೋಲು ಮುಂತಾದುವನ್ನು ಸುಟ್ಟಾಗ ಹೊರಬೀಳುವ ಇಂಗಾಲದ ಡೈ ಆಕ್ಸೈಡು ಭೂಮಿಯಿಂದ ಹೊರಹೋಗಬೇಕಾದ ಶಾಖವನ್ನು ಕಂಬಳಿಯಂತೆ ತಡೆಯುತ್ತದೆ. ಸ್ವೀಡನ್ನಿನ ಅರೇನಿಯಸ್ ಎಂಬ ರಸಾಯನಶಾಸ್ತ್ರಜ್ಞರು ಇದರ ಲೆಕ್ಕವನ್ನು ೧೮೯೬ರಲ್ಲಿಯೇ ಹಾಕಿದ್ದರು. ಕೈಗಾರಿಕೆಗಳು ಹಬ್ಬುವ ಮೊದಲು ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೨೮೦ ಭಾಗವಿದ್ದ ಈ ಅನಿಲ ಈಗ ೪೨೦ನ್ನು ದಾಟಿದೆ. ೨೦೨೪ನೆಯ ವರ್ಷ ಅದುವರೆಗೆ ಅಳತೆಗೆ ಸಿಕ್ಕ ಎಲ್ಲ ವರ್ಷಗಳಿಗಿಂತ ಬಿಸಿಯಾದುದು. ಭೂಮಿಯ ಸರಾಸರಿ ಉಷ್ಣತೆ ಆ ವರ್ಷ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧಕ್ಕಿಂತ ಸುಮಾರು ೧.೫೫ ಡಿಗ್ರಿಯಷ್ಟು ಮೇಲಿತ್ತು. ಒಂದೂವರೆ ಡಿಗ್ರಿ ಎಂದರೆ ನಮ್ಮ ಮೈಗೆ ತಿಳಿಯದಷ್ಟು ಅಲ್ಪ. ಆದರೆ ನೀರಿಗೆ ಅದು ಅಲ್ಪವಲ್ಲ ಎಂಬುದನ್ನು ಮುಂದೆ ನೋಡೋಣ.

ಮಳೆಯ ಲೆಕ್ಕ

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಅದು ಹಿಡಿದಿಟ್ಟುಕೊಳ್ಳಬಲ್ಲ ನೀರಾವಿ ಶೇಕಡ ೭ರಷ್ಟು ಹೆಚ್ಚುತ್ತದೆ. ಇದರಿಂದ ಎರಡು ಫಲಗಳು. ಬಾಯಾರಿದ ಗಾಳಿ ಕೆರೆಯಿಂದಲೂ ಹೊಲದಿಂದಲೂ ಹೆಚ್ಚು ನೀರನ್ನು ಹೀರುತ್ತದೆ. ಸುರಿಸುವಾಗ ಹೀರಿದುದನ್ನು ಒಮ್ಮೆಗೇ ಸುರಿಸುತ್ತದೆ. ಮಧ್ಯಭಾರತದಲ್ಲಿ ೧೯೫೦ರಿಂದ ೨೦೧೫ರ ವರೆಗಿನ ಮಳೆಯನ್ನು ಪರಿಶೀಲಿಸಿದ ಒಂದು ಅಧ್ಯಯನವು ವ್ಯಾಪಕವಾದ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾದುದನ್ನು ತೋರಿಸಿತು. ಆ ಅಂಕಿ ನಮ್ಮ ಜಿಲ್ಲೆಯದಲ್ಲವಾದರೂ ಅದರ ಹಿಂದಿನ ನಿಯಮ ಎಲ್ಲ ಕಡೆಗೂ ಒಂದೇ. ನಮ್ಮ ಕಣ್ಣಮುಂದಿನ ನಿದರ್ಶನವನ್ನೇ ನೋಡಬಹುದು. ೨೦೨೧ರ ನವೆಂಬರಿನಲ್ಲಿ ಜಿಲ್ಲೆಯ ಎಷ್ಟೋ ಕೆರೆಗಳು ಕೋಡಿ ಹರಿದು ಪಾಲಾರ್ ಕೆಳಗಿನ ವೇಲೂರಿನ ಕಡೆ ಪ್ರವಾಹವಾಗಿ ನುಗ್ಗಿತು. ಎರಡೇ ವರ್ಷ ಕಳೆದು ೨೦೨೩ರಲ್ಲಿ ಕರ್ನಾಟಕದ ಇನ್ನೂರಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಸಾರಬೇಕಾಯಿತು. ಸರಾಸರಿ ಮಳೆ ಅಷ್ಟೇ ಇದ್ದರೂ ಅದು ಬರುವ ರೀತಿ ಕೆಟ್ಟರೆ ಕೆರೆ ಕೆಡುತ್ತದೆ. ಹದವಾದ ಮಳೆ ನೀರನ್ನು ತರುತ್ತದೆ. ಬಿರುಮಳೆ ನೀರಿನೊಡನೆ ಮಣ್ಣನ್ನೂ ತರುತ್ತದೆ. ನಮ್ಮ ಊರಿನಲ್ಲಿ ಇದಕ್ಕೆ ವಿಶೇಷವಾದ ಅರ್ಥವುಂಟು. ಚಿನ್ನ ತೆಗೆದ ಮೇಲೆ ಉಳಿದ ಮೂರು ಕೋಟಿ ಟನ್ನಿಗೂ ಹೆಚ್ಚಿನ ಪುಡಿ ಸೈನೈಡ್ ದಿಣ್ಣೆಗಳಾಗಿ ಇಲ್ಲಿಯೇ ನಿಂತಿದೆ. ಮಳೆ ಬಿರುಸಾದಷ್ಟೂ ಆ ದಿಣ್ಣೆಗಳ ಮೈ ಕೊರೆದು ಹಳ್ಳಗಳಿಗೆ ಇಳಿಯುವುದೂ ಹೆಚ್ಚು.

ಹೂಳು ತುಂಬಿದ ಕೆರೆಗೆ ಬಿಸಿಲು ಹೇಗೆ ಶತ್ರುವಾಗುತ್ತದೆಂಬುದಕ್ಕೆ ಒಂದು ಸರಳ ಲೆಕ್ಕ. ನೇರ ಅಂಚಿನ, ಮೂರು ಮೀಟರ್ ಆಳದ ಒಂದು ಕೆರೆ ದೀಪಾವಳಿಯ ಹೊತ್ತಿಗೆ ತುಂಬಿದೆ ಎಂದಿಟ್ಟುಕೊಳ್ಳಿ. ಬೇಸಗೆ ಮುಗಿಯುವುದರೊಳಗೆ ಒಂದು ಮೀಟರ್ ನೀರು ಆವಿಯಾಯಿತೆನ್ನೋಣ. ಎರಡು ಮೀಟರ್ ಉಳಿಯಿತು. ಅದೇ ಕೆರೆಯಲ್ಲಿ ಒಂದೂವರೆ ಮೀಟರ್ ಹೂಳು ತುಂಬಿದ್ದರೆ? ಬಿಸಿಲು ಹೂಳನ್ನು ನೋಡಿ ಕರುಣೆ ತೋರುವುದಿಲ್ಲ. ಅದು ಆಗಲೂ ಒಂದು ಮೀಟರನ್ನೇ ಹೀರುತ್ತದೆ. ಉಳಿಯುವುದು ಅರ್ಧ ಮೀಟರ್. ಆಳ ಅರ್ಧವಾದರೆ ಉಳಿಯುವ ನೀರು ಕಾಲುಭಾಗವಾಗುತ್ತದೆ! ಆ ಅರ್ಧ ಮೀಟರ್ ನೀರಿನಲ್ಲಿ ಮೀನು, ಕಪ್ಪೆ, ಆಮೆ, ಬಸವನಹುಳು ಎಲ್ಲವೂ ಮುಂದಿನ ಮಳೆಯ ವರೆಗೆ ಬದುಕಬೇಕು.

ನೀರಿನ ಉಸಿರು

ಈಗ ಚಿಕ್ಕಪ್ಪನವರ ಮೀನಿಗೆ ಬರೋಣ. ನನ್ನ ತಾತ ಚಾಂಪಿಯನ್ ಗಣಿಯಲ್ಲಿ ದುಡಿದವರು. ಕೆಳಕ್ಕೆ ಇಳಿದಂತೆಲ್ಲ ಬಂಡೆ ಬಿಸಿಯಾಗುತ್ತಿತ್ತೆಂದೂ, ಮೇಲಿನಿಂದ ತಂಪು ಗಾಳಿಯನ್ನು ತಳ್ಳದಿದ್ದರೆ ತಳದಲ್ಲಿ ಮನುಷ್ಯ ನಿಲ್ಲುವಂತೆಯೇ ಇರಲಿಲ್ಲವೆಂದೂ ಹೇಳುತ್ತಿದ್ದರು. ಕೆರೆಯ ಕತೆ ಇದಕ್ಕೆ ತಿರುಗುಮುರುಗು. ಅಲ್ಲಿ ಮೇಲೆ ಬಿಸಿ, ಕೆಳಗೆ ತಂಪು. ಉಸಿರು ಕಟ್ಟುವುದು ಮಾತ್ರ ತಳದಲ್ಲಿಯೇ.

ಬಿಸಿಲಿಗೆ ಮೇಲ್ನೀರು ಕಾದು ಹಗುರವಾಗಿ ಮೇಲೆಯೇ ನಿಲ್ಲುತ್ತದೆ. ತಂಪಾದ ಭಾರದ ನೀರು ಕೆಳಗಿರುತ್ತದೆ. ಬೆಚ್ಚನೆಯ ನೀರಿನಲ್ಲಿ ಒಂದು ಡಿಗ್ರಿಯ ಅಂತರ ಉಂಟುಮಾಡುವ ಭಾರದ ವ್ಯತ್ಯಾಸ, ಚಳಿನಾಡಿನ ತಣ್ಣೀರಿನಲ್ಲಿ ಅದೇ ಒಂದು ಡಿಗ್ರಿ ಉಂಟುಮಾಡುವುದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಆದ್ದರಿಂದ ನಮ್ಮ ಕೆರೆಗಳಲ್ಲಿ ಅಲ್ಪ ಅಂತರವೂ ಎರಡು ಪದರಗಳನ್ನು ಬೇರ್ಪಡಿಸಲು ಸಾಕು. ಸಾಮಾನ್ಯವಾಗಿ ರಾತ್ರಿಯ ತಂಪಿನಲ್ಲಿ ಮೇಲ್ನೀರು ಆರಿ ಕೆಳಗಿಳಿದು ಎರಡೂ ಬೆರೆಯುತ್ತವೆ. ರಾತ್ರಿಗಳೇ ಬಿಸಿಯಾದರೆ, ಗಾಳಿಯೂ ಆಡದಿದ್ದರೆ, ಈ ಬೆರೆಯುವಿಕೆ ದಿನಗಟ್ಟಲೆ ನಡೆಯುವುದಿಲ್ಲ. ಆಗ ತಳದ ಕೆಸರಿನಲ್ಲಿ ಕೊಳೆಯುವ ಎಲೆ, ಗೊಬ್ಬರ, ಪಾಚಿಗಳು ಅಲ್ಲಿಯ ಆಮ್ಲಜನಕವನ್ನೆಲ್ಲ ಕಬಳಿಸಿಬಿಡುತ್ತವೆ.

ನೀರು ಬಿಸಿಯಾದಂತೆ ಅದರಲ್ಲಿ ಕರಗುವ ಆಮ್ಲಜನಕವೂ ಕಡಿಮೆಯಾಗುತ್ತದೆ. ಸಮುದ್ರಮಟ್ಟದಲ್ಲಿ ೨೦ ಡಿಗ್ರಿಯ ಒಂದು ಲೀಟರ್ ನೀರು ಸುಮಾರು ೯.೧ ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲದು. ೩೦ ಡಿಗ್ರಿಯಲ್ಲಿ ೭.೬ ಮಾತ್ರ. ನಮ್ಮ ಊರು ಸುಮಾರು ೮೫೦ ಮೀಟರ್ ಎತ್ತರದಲ್ಲಿರುವುದರಿಂದ ಇದರಲ್ಲಿಯೂ ಹೆಚ್ಚುಕಡಿಮೆ ಹತ್ತರಲ್ಲೊಂದು ಪಾಲನ್ನು ಕಳೆಯಬೇಕು. ಅತ್ತ ಮೀನಿನಂಥ ಶೀತರಕ್ತ ಪ್ರಾಣಿಗಳಿಗೆ ಹತ್ತು ಡಿಗ್ರಿ ಬಿಸಿ ಏರಿದರೆ ಬೇಕಾಗುವ ಆಮ್ಲಜನಕ ಸುಮಾರು ಎರಡು ಪಟ್ಟಾಗುತ್ತದೆ. ವರಮಾನ ಇಳಿದು ಖರ್ಚು ಏರಿದ ಸಂಸಾರದಂತೆ ಇದು.

ಹಗಲಿನಲ್ಲಿ ಪಾಚಿ ಬಿಸಿಲನ್ನು ಕುಡಿದು ಆಮ್ಲಜನಕವನ್ನು ಕೊಡುತ್ತದೆ. ರಾತ್ರಿ ತಾನೂ ಅದನ್ನೇ ಉಸಿರಾಡುತ್ತದೆ. ಎರಡು ದಿನ ಮೋಡ ಮುಚ್ಚಿದರೆ ಉತ್ಪತ್ತಿ ಇಳಿಯುತ್ತದೆ, ಖರ್ಚು ನಿಲ್ಲುವುದಿಲ್ಲ. ಆ ಮೇಲೆ ತಣ್ಣನೆಯ ಬಿರುಮಳೆ ಬಿದ್ದರೆ ಮೇಲ್ನೀರು ಒಮ್ಮೆಗೇ ಆರಿ ಕೆಳಗಿಳಿದು, ಆಮ್ಲಜನಕವಿಲ್ಲದ ತಳದ ನೀರು ಮೇಲೇಳುತ್ತದೆ. ಇಡೀ ಕೆರೆಯೇ ಉಸಿರು ಕಟ್ಟುತ್ತದೆ. ಅದೂ ರಾತ್ರಿಯ ಕೊನೆಯ ಜಾವದಲ್ಲಿ, ಬೆಳಗಾಗುವುದಕ್ಕೆ ಸ್ವಲ್ಪ ಮೊದಲು. ಚಿಕ್ಕಪ್ಪನವರ ಕೆರೆಯಲ್ಲಿ ಆ ಮೂರು ದಿನ ನಡೆದುದು ಇದೇ ಕ್ರಮದಲ್ಲಲ್ಲವೆ?

ಅಧ್ಯಾಪಕರ ಸೂಚನೆಯಂತೆ ನಾನು ಒಂದು ಉಷ್ಣಮಾಪಕ ಹಿಡಿದು ಕೆಲವು ದಿನ ಮುಂಜಾನೆಯೂ ಮಧ್ಯಾಹ್ನವೂ ಆ ಕೆರೆಗೆ ಹೋದೆನು. ಮಧ್ಯಾಹ್ನ ಮೇಲಿನ ಗೇಣುದ್ದ ನೀರು ಬೆಚ್ಚಗೆ, ಎದೆಯುದ್ದದ ಕೆಳಗೆ ಕಾಲಿಗೆ ತಂಪು. ಎರಡಕ್ಕೂ ಮೂರು ನಾಲ್ಕು ಡಿಗ್ರಿ ಅಂತರ. ನಸುಕಿನಲ್ಲಿ ಅಳಿದುಳಿದ ಜಿಲೇಬಿ ಮೀನುಗಳು ನೀರಿನ ಮೇಲಕ್ಕೆ ಬಾಯಿ ಚಾಚಿ ಗಾಳಿಗಾಗಿ ಪರದಾಡುತ್ತಿದ್ದುವು. ಕೊರಮೀನು ಮಾತ್ರ ನಿಶ್ಚಿಂತೆಯಾಗಿತ್ತು. ಅದು ಗಾಳಿಯನ್ನೇ ನೇರವಾಗಿ ಉಸಿರಾಡಬಲ್ಲ ಜಾತಿ. ನೆನಪಿಗೆ ಬಂದುದು ಆಗಲೇ: ಅಂದು ಸತ್ತು ತೇಲಿದ ರಾಶಿಯಲ್ಲಿ ಕೊರಮೀನು ಒಂದೂ ಇರಲಿಲ್ಲ. ವಿಷವಾಗಿದ್ದರೆ ಅದು ಜಾತಿ ನೋಡುತ್ತಿತ್ತೆ? ನನ್ನ ಕೆಲವು ದಿನಗಳ ಅಳತೆ ಹವಾಗುಣ ಬದಲಾಯಿತೆಂಬುದಕ್ಕೆ ಸಾಕ್ಷಿಯಾಗಲಾರದು, ನಿಜ. ಮೀನು ಹೇಗೆ ಸತ್ತಿರಬಹುದೆಂಬುದಕ್ಕೆ ಮಾತ್ರ ಅದು ಬೆಳಕು ಚೆಲ್ಲಿತು.

ಹವಾಗುಣದ ಮಾತಿಗೆ ದೀರ್ಘಕಾಲದ ಅಳತೆಯೇ ಬೇಕು. ಜಗತ್ತಿನ ೨೩೫ ಸರೋವರಗಳ ೧೯೮೫ರಿಂದ ೨೦೦೯ರ ವರೆಗಿನ ಲೆಕ್ಕಗಳನ್ನು ಒಟ್ಟುಗೂಡಿಸಿದಾಗ, ಬೇಸಗೆಯಲ್ಲಿ ಅವುಗಳ ಮೇಲ್ನೀರು ಹತ್ತು ವರ್ಷಕ್ಕೆ ಸರಾಸರಿ ೦.೩೪ ಡಿಗ್ರಿಯಂತೆ ಬಿಸಿಯಾದುದು ಕಂಡುಬಂತು. ಆಫ್ರಿಕದ ಆಳವಾದ ಟಾಂಗನೀಕ ಸರೋವರದಲ್ಲಿ ನೀರು ಬೆರೆಯುವುದು ಕುಂದಿ, ತಳದ ಪೋಷಕಾಂಶಗಳು ಮೇಲೆ ಬಾರದೆ ಮೀನಿನ ಆಹಾರವೇ ಇಳಿದಿದೆ. ಜಗತ್ತಿನ ದೊಡ್ಡ ಸರೋವರಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ೧೯೯೨ರಿಂದ ೨೦೨೦ರೊಳಗೆ ನೀರನ್ನು ಕಳೆದುಕೊಂಡಿವೆಯೆಂದು ೨೦೨೩ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸುತ್ತದೆ. ಸಮುದ್ರದಂಥ ಸರೋವರಗಳ ಗತಿಯೇ ಹೀಗಿರುವಲ್ಲಿ ಎದೆಮಟ್ಟದ ನಮ್ಮ ಕೆರೆಗಳ ಪಾಡೇನು?

ಹಸಿರು ಬಣ್ಣದ ಎಚ್ಚರಿಕೆ

ಬಿಸಿ ನೀರು ಎಲ್ಲ ಜೀವಿಗಳಿಗೂ ಶತ್ರುವಲ್ಲ. ನೀಲಿಹಸಿರು ಪಾಚಿ ಎಂದು ಕರೆಯಲ್ಪಡುವ ಸೂಕ್ಷ್ಮಜೀವಿಗಳು ೨೫ ಡಿಗ್ರಿಗೂ ಮೇಲಿನ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತವೆ. ಕೆಲವು ತಮ್ಮೊಳಗಿನ ಗಾಳಿಗುಳ್ಳೆಗಳ ಸಹಾಯದಿಂದ ತೇಲಿ ಬಿಸಿಲನ್ನೆಲ್ಲ ತಾವೇ ಹಿಡಿಯುತ್ತವೆ. ಕೆಲವು ದನಕರುಗಳಿಗೂ ಮನುಷ್ಯರಿಗೂ ಅಪಾಯಕರವಾದ ನಂಜನ್ನು ಬಿಡುತ್ತವೆ. ಇವುಗಳಿಗೆ ಬೇಕಾದ ಆಹಾರ ಸಾರಜನಕ ಮತ್ತು ರಂಜಕ. ಅವು ಹೊಲದ ಗೊಬ್ಬರದಿಂದಲೂ ಊರಿನ ಚರಂಡಿಯಿಂದಲೂ ಬರುತ್ತವೆ.

ಇಲ್ಲಿ ಕೆ. ಸಿ. ವ್ಯಾಲಿ ಯೋಜನೆಯ ಮಾತು ಸಹಜವಾಗಿ ಬರುತ್ತದೆ. ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಕೊಳಚೆ ನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆಲಸ ೨೦೧೮ರಲ್ಲಿ ಲಕ್ಷ್ಮೀಸಾಗರ ಕೆರೆಯಿಂದ ಪ್ರಾರಂಭವಾಯಿತು. ನೊರೆ ಕಾಣಿಸಿಕೊಂಡುದು, ವಿವಾದ ನ್ಯಾಯಾಲಯಕ್ಕೆ ಹೋದುದು, ಮತ್ತೆ ನೀರು ಹರಿದುದು ಎಲ್ಲರಿಗೂ ತಿಳಿದಿದೆ. ಒಣಗಿದ್ದ ಕೆರೆಗಳು ತುಂಬಿ ಸುತ್ತಲ ಬಾವಿಗಳಲ್ಲಿ ನೀರು ಏರಿದುದು ದೊಡ್ಡ ಉಪಕಾರವೇ ಸರಿ. ಆದರೆ ಎರಡನೆಯ ಹಂತದ ವರೆಗೆ ಮಾತ್ರ ಸಂಸ್ಕರಿಸಿದ ನೀರಿನಲ್ಲಿ ಸಾರಜನಕವೂ ರಂಜಕವೂ ಉಳಿದಿರುತ್ತವೆ. ಅದೇ ನೀರು ತಂಪಾದ, ಹರಿಯುವ ಸ್ಥಳದಲ್ಲಿ ತಾಳಿಕೊಳ್ಳುವುದನ್ನು ಬಿಸಿಯಾದ, ನಿಂತ ಸ್ಥಳದಲ್ಲಿ ತಾಳಿಕೊಳ್ಳಲಾರದು. ಅಂತರಗಂಗೆಯೂ ಪಾಚಿಯೂ ಮುಚ್ಚಿಕೊಳ್ಳುತ್ತವೆ. ಕೆರೆ ತುಂಬಿದೆಯೇ ಎಂದು ಕೇಳಿದರೆ ಸಾಲದು. ತುಂಬಿದ ಕೆರೆ ಬದುಕಿದೆಯೇ ಎಂದೂ ಕೇಳಬೇಕು.

ಯಾರ ಪಾಲು ಎಷ್ಟು?

ಎಲ್ಲ ತಪ್ಪನ್ನೂ ಹವಾಗುಣದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಕಾಲುವೆಯನ್ನು ಒತ್ತಿ ಮನೆ ಕಟ್ಟಿದ್ದು ಹವಾಗುಣವಲ್ಲ. ಹೂಳೆತ್ತುವುದನ್ನು ಬಿಟ್ಟದ್ದು ಹವಾಗುಣವಲ್ಲ. ಕೆರೆಯ ಜಲಾನಯನದಲ್ಲಿ ನೀಲಗಿರಿ ಸಾಲುಗಳನ್ನು ನೆಟ್ಟದ್ದೂ, ಸಾವಿರ ಅಡಿ ಕೊಳವೆಬಾವಿ ಕೊರೆದದ್ದೂ ಹವಾಗುಣವಲ್ಲ. ನೀಲಗಿರಿಯನ್ನು ಹೊಸದಾಗಿ ನೆಡುವುದನ್ನು ಸರ್ಕಾರವು ೨೦೧೭ರಲ್ಲಿ ನಿಷೇಧಿಸಿತು. ನನಗೆ ತೋರುವಂತೆ ಹವಾಗುಣದ ಮಾರ್ಪಾಡು ಸಾಲದ ಮೇಲಿನ ಬಡ್ಡಿಯಿದ್ದಂತೆ, ಅಸಲು ನಮ್ಮದೇ. ಬಡ್ಡಿಯ ದರವನ್ನು ಇಳಿಸುವುದು ಇಡೀ ಜಗತ್ತಿನ ರಾಷ್ಟ್ರಗಳು ಕೂಡಿ ಮಾಡಬೇಕಾದ ಕೆಲಸ; ಅಸಲನ್ನು ತೀರಿಸುವುದು ಊರಿನ ಕೆಲಸ. ಹೂಳೆತ್ತಿ ಆಳವನ್ನು ಹೆಚ್ಚಿಸಿದ ಕೆರೆ ನಿಧಾನವಾಗಿ ಕಾಯುತ್ತದೆ. ಅಂಚಿನಲ್ಲಿ ಹೊಂಗೆ, ಮತ್ತಿ, ನೇರಳೆಯ ನೆರಳಿದ್ದರೆ ಅಂಚಿನ ನೀರು ತಂಪಾಗಿರುತ್ತದೆ, ಮಣ್ಣೂ ಜಾರದು. ಕಾಲುವೆ ತೆರೆದಿದ್ದರೆ ನವೆಂಬರಿನ ಒಂದು ಬಿರುಮಳೆಯೂ ವ್ಯರ್ಥವಾಗದು. ಇವು ಹೊಸ ಶೋಧಗಳಲ್ಲ. ನಮ್ಮ ಹಿರಿಯರ ಮನೆಗೆಲಸ. ಹಿಂದೆ ಇವುಗಳನ್ನು ಬಿಟ್ಟರೂ ಕೆರೆ ಹೇಗೋ ತಾಳುತ್ತಿತ್ತು. ಇನ್ನು ತಾಳದು ಎಂಬುದೇ ಹೊಸ ಮಾತು.

ವಿದ್ಯಾರ್ಥಿಗಳಾದ ನಾವೇನು ಮಾಡಬಹುದು? ನನ್ನದು ಒಂದು ಚಿಕ್ಕ ಸಲಹೆ. ನಮ್ಮ ಕಾಲೇಜಿಗೆ ಸುತ್ತಲ ಹಳ್ಳಿಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಹೆಚ್ಚಿನ ಹಳ್ಳಿಗಳಿಗೂ ಒಂದೊಂದು ಕೆರೆಯುಂಟು. ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಳದಲ್ಲಿ ನೀರಿನ ಉಷ್ಣತೆ, ತೂಬಿನ ಕಲ್ಲಿನ ಮೇಲೆ ನೀರಿನ ಮಟ್ಟ, ನೀರಿನ ಬಣ್ಣ, ಕಂಡ ಹಕ್ಕಿ ಮೀನುಗಳು, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಡೋಣ. ನಾವು ಹೋದ ಮೇಲೆ ಆ ಪುಸ್ತಕ ಕಿರಿಯರ ಕೈಗೆ ಹೋಗಲಿ. ಮೂವತ್ತು ವರ್ಷ ಬರೆದರೆ ಅದೇ ನಮ್ಮ ನೆಲದ ಹವಾಗುಣದ ದಾಖಲೆಯಾಗುತ್ತದೆ. ಇದೇ ನೆಲದಡಿಯಲ್ಲಿ ವಿಜ್ಞಾನಿಗಳು ಕಣ್ಣಿಗೆ ಕಾಣದ ಕಣಕ್ಕಾಗಿ ಕತ್ತಲಲ್ಲಿ ಕಾದು ಕುಳಿತಿದ್ದರು. ಹಗಲು ಬೆಳಕಿನಲ್ಲಿ ಕಾಣುವ ನೀರನ್ನು ಅಳೆಯುವಷ್ಟು ತಾಳ್ಮೆ ನಮಗಿರಬಾರದೆ?

ಕೊನೆಯದಾಗಿ ಒಂದು ಮಾತು. ನಾನು ಕಂಡುದನ್ನೂ ಓದಿದುದನ್ನೂ ಚಿಕ್ಕಪ್ಪನವರಿಗೆ ಬಿಡಿಸಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಬೇಸಗೆಗೆ ಮುಂಚೆಯೇ ಬಲೆ ಹಾಕಿ ಮೀನು ಕಡಿಮೆ ಮಾಡಬೇಕಿತ್ತು ಅನ್ನು” ಎಂದರು. ದಾಯಾದಿಯವರ ವಿಷಯವನ್ನು ಎತ್ತಲಿಲ್ಲ. ಆದರೆ ಈ ವರ್ಷ ಮಳೆಗಾಲಕ್ಕೆ ಮುಂಚೆ ಕೆರೆಯ ಮೇಲ್ಗಾಲುವೆಯ ಜಾಲಿ ಕಡಿಯುವ ದಿನ ಎರಡು ಮನೆಯವರೂ ಮಚ್ಚು ಹಿಡಿದು ಬಂದಿದ್ದರು. ಮಾತು ಇನ್ನೂ ಆರಂಭವಾಗಿಲ್ಲ, ಕೆಲಸ ಆರಂಭವಾಗಿದೆ. ಕಾಲುವೆಯಲ್ಲಿ ನೀರು ಬಂದಂತೆ ಮಾತೂ ಬರಲೆಂದು ಹಾರೈಸುತ್ತೇನೆ.